ಹೆಸರಿಲ್ಲದ ಹೂವಿಗೆ ನಾನಿಟ್ಟ ಹೆಸರು

ಹಾವೇರಿಯ ನಮ್ಮ ಬಡಾವಣೆಯ ಮಹಿಳಾ ಮಂಡಳದವರು ಈ ವರ್ಷ ಹಾಡು, ರಂಗೋಲಿ ಎಲ್ಲ ಬಿಟ್ಟು ಹೂದಾನಿ ಸ್ಪರ್ಧೆ ಇಟ್ಟುಕೊಂಡರು. ನನ್ನ ಗ್ರಹಚಾರ ಅಲ್ಲಿಂದಲೇ ಶುರುವಾದದ್ದು. ಸ್ಪರ್ಧೆಯ ನಿಯಮಗಳ ಚೀಟಿ ಮನೆಮನೆಗೆ ಬಂತು. ಅಂಗಡಿಯಿಂದ ತಂದ ಹೂ ನಡೆಯುವುದಿಲ್ಲ, ಸ್ವಂತ ಅಂಗಳದಲ್ಲಿ ಬೆಳೆದದ್ದೇ ಆಗಬೇಕು. ಹೂವಿನ ಕಡ್ಡಿ ಗೇಣಿಗಿಂತ ಉದ್ದ ಇರಬೇಕು. ನೀರಿನಲ್ಲಿಟ್ಟ ಮೇಲೆ ಎರಡು ದಿನ ಬಾಡಬಾರದು. ಕೊನೆಯದಾಗಿ, ಪ್ರತಿ ಹೂವಿನ ಮುಂದೆ ಅದರ ಹೆಸರು ಬರೆದು ಇಡಬೇಕು. ಮೊದಲ ಮೂರು ನಿಯಮ ಓದುವಾಗ ಬಹುಮಾನದ ಸ್ಟೀಲ್ ಡಬ್ಬಿ ನನ್ನ ಅಡಿಗೆಮನೆಯ ಯಾವ ಶೆಲ್ಫಿನಲ್ಲಿ ಕೂರಬೇಕು ಎಂದು ಯೋಚಿಸಿಯೂ ಆಗಿತ್ತು. ನಾಲ್ಕನೆಯದನ್ನು ಓದಿದ್ದೇ ಡಬ್ಬಿಯನ್ನು ಶೆಲ್ಫಿನಿಂದ ಇಳಿಸಿದೆ.

ಯಾಕೆಂದರೆ ನನ್ನ ಅಂಗಳದಲ್ಲಿ ಕಡ್ಡಿ ಸಮೇತ ಕತ್ತರಿಸಿ ಇಡಬಹುದಾದ ಹೂ ಒಂದೇ ಒಂದು, ಮತ್ತು ಅದರ ಹೆಸರು ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ದಾಸವಾಳದ ಉದ್ದ ಸೀಳಿಕೆಯ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಕಣ್ಣು ಮುಚ್ಚಿ ಬರೆಯುತ್ತಿದ್ದೆ. ನನ್ನಿಂದ ಕಿವಿ ಹಿಂಡಿಸಿಕೊಂಡವರು ಈಗ ಈ ಊರಿನ ತುಂಬ ಇದ್ದಾರೆ, ಅವರಲ್ಲಿ ಒಬ್ಬಳು ಮಹಿಳಾ ಮಂಡಳದ ಕಾರ್ಯದರ್ಶಿ. ಅವಳ ಮುಂದೆ ‘ಹೆಸರು ಗೊತ್ತಿಲ್ಲ’ ಎಂದು ಚೀಟಿ ಬರೆದಿಡುವುದು ಹೇಗೆ, ನೀವೇ ಹೇಳಿ.

ಹೂವಿನ ಚಹರೆ ಹೇಳುತ್ತೇನೆ, ನಿಮಗೇನಾದರೂ ಹೊಳೆದೀತು. ಗಿಡ ಸೊಂಟದ ಎತ್ತರ, ಕಡ್ಡಿ ತೆಳು ಆದರೆ ಗಟ್ಟಿ. ಎಲೆ ಸಪೂರ, ಮುಟ್ಟಿದರೆ ಸ್ವಲ್ಪ ಒರಟು. ತುದಿಯಲ್ಲಿ ಕವಲೊಡೆದು ಎಂಟಾಣೆ ನಾಣ್ಯದಷ್ಟು ದೊಡ್ಡ ಹೂಗಳು, ಸುತ್ತ ತಿಳಿ ನೇರಳೆ ಎಸಳು, ನಡುವೆ ಹಳದಿ. ವಾಸನೆ ಇಲ್ಲ. ಬೇಸಿಗೆಯಲ್ಲಿ ಗಿಡ ನೆಲದ ಮಟ್ಟಕ್ಕೆ ಒಣಗಿ ಹೋಗುತ್ತದೆ. ಸತ್ತೇ ಹೋಯಿತೆಂದು ನಾನು ಪ್ರತಿ ವರ್ಷ ಮರುಗುತ್ತೇನೆ, ಮುಂಗಾರಿನ ಎರಡು ಮಳೆ ಬಿದ್ದದ್ದೇ ತಡ, ಹಳೇ ಬೇರಿನಿಂದ ಹತ್ತು ಕಡೆ ಮೊಳಕೆ. ಮೂರು ವರ್ಷದ ಹಿಂದೆ ಇದರ ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನಲ್ಲಿಯ ಪಕ್ಕ ಹಚ್ಚಿದವಳು ಗಿರಿಜವ್ವ. ಕಾಗಿನೆಲೆ ಕಡೆಯವಳು, ನಮ್ಮ ಮನೆಯ ಪಾತ್ರೆ, ಬಟ್ಟೆ ಮತ್ತು ನನ್ನ ತಲೆ, ಮೂರನ್ನೂ ತಿಕ್ಕುವವಳು; ಹೂವಿನ ಹೆಸರು ಎಷ್ಟು ಸಲ ಕೇಳಿದರೂ ಬೇರೆ ಮಾತು ತೆಗೆಯುವವಳು.

ಮೊದಲ ಸಲ ಹೂ ಬಿಟ್ಟ ದಿನವೇ ನಾನು ಅದರ ಗುರುತು ಹಿಡಿದಿದ್ದೆ. ಹೆಸರಿನಿಂದಲ್ಲ, ಮನೆಯಿಂದ. ನಮ್ಮ ಕಡೆ ಹೂಗಿಡಗಳನ್ನು ಗುರುತಿಸುವ ಪದ್ಧತಿಯೇ ಹಾಗೆ. ದೇಸಾಯರ ಮನೆ ಮಲ್ಲಿಗೆ, ಪೋಸ್ಟ್ ಮಾಸ್ತರ ಡೇರೆ, ದವಾಖಾನೆ ಹಿಂದಿನ ಕಾಬಾಳೆ. ಯಾವ ಮನೆಯಿಂದ ಬೇರು ಬಂತೋ ಆ ಮನೆಯದೇ ಹೂ. ಹಾಗೆ ನೋಡಿದರೆ ಇದು ಜೈನಾಬಿ ಅಮ್ಮಿಯ ಹೂ. ಬ್ಯಾಡಗಿಯಲ್ಲಿ ನಾನು ಹುಟ್ಟಿ ಬೆಳೆದ ಮನೆಯ ಪಕ್ಕದ ಮನೆ ಅವರದು, ಈ ಹೂವನ್ನು ನಾನು ಮೊದಲು ಕಂಡದ್ದು ಅವರ ಹಿತ್ತಲಲ್ಲಿ. ಆದರೆ ‘ಜೈನಾಬಿ ಅಮ್ಮಿಯ ಹೂ’ ಎಂದು ಬರೆದರೆ ಕಾರ್ಯದರ್ಶಿ ಮಹಾಶಯೆ ಒಪ್ಪುತ್ತಾಳೆಯೇ? ನಾನೇ ತಾನೆ ಅವಳಿಗೆ ದ್ವಿನಾಮ ಪದ್ಧತಿ ಕಲಿಸಿ ಹಾಳು ಮಾಡಿದ್ದು.

ಸರಿ, ಶಾಸ್ತ್ರೋಕ್ತವಾಗಿ ಪತ್ತೆ ಹಚ್ಚೋಣ ಎಂದು ಹೊರಟೆ. ಮೊಬೈಲಿನಲ್ಲಿ ಹೂವಿನ ಚಿತ್ರ ತೆಗೆದರೆ ಹೆಸರು ಹೇಳುವ ಒಂದು ಸೌಲಭ್ಯ ಇದೆಯಂತೆ. ತೆಗೆದೆ. ಮೊದಲ ಸಲ ಡೈಸಿ ಎಂದಿತು. ಎರಡನೇ ಸಲ ಯಾವುದೋ ಹೊಲದ ಕಳೆ ಎಂದು ಅವಮಾನ ಮಾಡಿತು. ಮೂರನೇ ಸಲ ಇನ್ನೂ ಹತ್ತಿರ ಹಿಡಿದು ತೆಗೆದಾಗ ಹಸಿ ಶುಂಠಿ ಎಂದಿತು. ನೋಡಿದರೆ ಚಿತ್ರದ ತುಂಬ ನನ್ನ ಹೆಬ್ಬೆರಳು ಬಂದಿತ್ತು. ಫೋನು ಬದಿಗಿಟ್ಟು ಒಂದು ಹೂ ಬಿಡಿಸಿ ಭೂತಗನ್ನಡಿ ಹಿಡಿದು ಕೂತೆ. ಒಂದು ಹೂ ಎಂದು ಕಾಣುವುದು ನಿಜವಾಗಿ ನೂರಾರು ಪುಟ್ಟ ಹೂಗಳ ಗುಂಪು, ಸೂರ್ಯಕಾಂತಿ ಸೇವಂತಿಗೆಗಳ ವಂಶದ್ದು. ರಾಣೇಬೆನ್ನೂರು ಕಡೆ ಹೊಲದಲ್ಲಿ ಮಾರಾಟಕ್ಕೆ ಬೆಳೆಯುವ ಆಸ್ಟರಿನ ಹತ್ತಿರದ ನೆಂಟ. ಆದರೆ ಅದನ್ನು ಬೀಜ ಹಾಕಿ ಬೆಳೆಸುತ್ತಾರೆ, ಹೂ ಮುಗಿದರೆ ಗಿಡದ ಕತೆಯೂ ಮುಗಿಯಿತು. ಇದು ಬೇರಿನಿಂದ ಬೇರಿಗೆ ಹಬ್ಬಿಕೊಂಡು ವರ್ಷಗಟ್ಟಲೆ ಬದುಕುವಂಥದ್ದು. ಕುಲ ಗೋತ್ರ ಇಷ್ಟು ಸಿಕ್ಕಿತು, ಹೆಸರು ಮಾತ್ರ ಸಿಗಲಿಲ್ಲ.

ಹಾಗಾಗಿ ಒಂದು ಮುಂಜಾನೆ ನಾಲ್ಕು ಕಡ್ಡಿ ಕತ್ತರಿಸಿ ಒದ್ದೆ ಪೇಪರಿನಲ್ಲಿ ಸುತ್ತಿಕೊಂಡು ರಾಣೇಬೆನ್ನೂರಿನ ಬಸ್ಸು ಹತ್ತಿದೆ. ಊರಾಚೆ ರಸ್ತೆ ಬದಿಯ ನರ್ಸರಿಯಲ್ಲಿ ತಲೆಗೆ ಟವೆಲ್ ಸುತ್ತಿಕೊಂಡ ಹಿರಿಯನೊಬ್ಬ ಕುಂಡಗಳಿಗೆ ಮಣ್ಣು ತುಂಬುತ್ತಿದ್ದ. ಹೂ ತೋರಿಸಿದೆ.

“ಯಾಕ್ರಿ ಅಕ್ಕಾರ, ಇದು ಗೊತ್ತಿಲ್ಲೇನ್ರಿ ನಿಮಗ? ಹಣಮಪ್ಪನ ಹೂವರಿ ಇದು” ಅಂದ.

“ಏನಂದ್ರಿ?”

“ಹಣಮಪ್ಪನ ಹೂ. ಕದರಮಂಡಲಗಿ ಗುಡಿ ಹಿಂದ ತಾನ ಹುಟ್ಟಿದ್ದಂತರಿ. ಹಣಮಪ್ಪ ಸಂಜೀವಿನಿ ಗುಡ್ಡಾ ಹೊತಗೊಂಡ ಹೊಂಟಾಗ ಒಂದ ಹೆಂಟಿ ಮಣ್ಣು ಅಲ್ಲಿ ಬಿತ್ತಂತ. ಅದಕ್ಕ ನೋಡ್ರಿ, ಹರದ ಎಂಟ ದಿನಾ ಆದ್ರೂ ಬಾಡೂದಿಲ್ಲ.”

“ಯಾರು ಹೇಳಿದ್ರು ನಿಮಗ ಇದನ್ನ?”

“ಯಾರ ಹೇಳೂದೇನ್ರಿ, ಊರಿಗೆಲ್ಲಾ ಗೊತ್ತಿದ್ದದ್ದ ಐತಿ. ನಮ್ಮವ್ವ ಹೇಳತಿದ್ಲು. ಶನಿವಾರಕ್ಕೊಮ್ಮೆ ಇದ ಹೂ ಬೇಕಂತ ಬೇರ ಒಯ್ಯಾಕ ಮಂದಿ ಬರ್ತಾರ.”

ನಾನು ಅಲ್ಲೇ ಬೋರಲು ಹಾಕಿದ್ದ ಒಂದು ಕುಂಡದ ಮೇಲೆ ಕೂತುಬಿಟ್ಟೆ. ಬಿಸಿಲಿಗೆ ತಲೆ ಸುತ್ತಿರಬೇಕು ಎಂದು ಆತ ಪಾಪ ನೀರು ತಂದುಕೊಟ್ಟ. ಬಿಸಿಲಲ್ಲ ಮಾರಾಯರೇ. ಸಂಜೀವಿನಿ ಗುಡ್ಡ ನನ್ನದಲ್ಲ, ಅದನ್ನು ಆಮೇಲೆ ಯಾರೋ ಪುಣ್ಯಾತ್ಮರು ಸೇರಿಸಿದ್ದಾರೆ. ಉಳಿದದ್ದೆಲ್ಲ ನನ್ನದೇ. ಹಣಮಪ್ಪನ ಹೂ ಎಂಬ ಹೆಸರು, ಕದರಮಂಡಲಗಿ ಗುಡಿ ಹಿಂದೆ ಹುಟ್ಟಿದ್ದು ಎಂಬ ಕತೆ, ಇವನ್ನು ನಾನು ಒಂಬತ್ತನೇ ವಯಸ್ಸಿನಲ್ಲಿ, ಒಂದು ಶನಿವಾರ ಮುಂಜಾನೆ, ಏಟು ತಪ್ಪಿಸಿಕೊಳ್ಳಲು ನಿಂತ ನಿಲುವಿನಲ್ಲಿ ಹುಟ್ಟಿಸಿದ್ದೆ. ನನ್ನ ಸುಳ್ಳಿಗೆ ಈಗ ಗಡ್ಡ ಮೀಸೆ ಬಂದಿತ್ತು.

ಬ್ಯಾಡಗಿಯ ಆ ಓಣಿಯನ್ನು ಹೇಗೆ ಹೇಳಲಿ? ನಮ್ಮಪ್ಪ ಮೆಣಸಿನಕಾಯಿ ದಲಾಲರ ಅಂಗಡಿಯಲ್ಲಿ ಗುಮಾಸ್ತ. ಪಕ್ಕದ ಮನೆಯ ಅಬ್ಬಾ, ಅಂದರೆ ಜೈನಾಬಿ ಅಮ್ಮಿಯ ಯಜಮಾನರು, ಅದೇ ಪೇಟೆಗೆ ಗೋಣಿ ಚೀಲ ಹೊಲಿದು ಕೊಡುವವರು. ಸುಗ್ಗಿಯ ಕಾಲದಲ್ಲಿ ಇಬ್ಬರೂ ಮೈಗೆ ಘಾಟು ಹತ್ತಿಸಿಕೊಂಡೇ ಮನೆಗೆ ಬರುತ್ತಿದ್ದರು. ಇಡೀ ಓಣಿ ಸೀನುತ್ತಿತ್ತು. ಹೊರಗೆ ಹೊರಟಾಗ ಯಾರಾದರೂ ಸೀನಿದರೆ ಅಪಶಕುನ ಎಂದು ನಮ್ಮ ಆಯಿ, ಅಪ್ಪನ ತಾಯಿ, ಹೊಸ್ತಿಲಲ್ಲೇ ತಡೆದು ಕೂರಿಸುತ್ತಿದ್ದಳು. ಆ ಲೆಕ್ಕದಲ್ಲಿ ಬ್ಯಾಡಗಿಯ ಮಂದಿ ಮೂರು ತಿಂಗಳು ಮನೆ ಬಿಟ್ಟು ಹೊರಡುವಂತೆಯೇ ಇರಲಿಲ್ಲ. ಶಾಲೆಗೆ ತಡವಾದದ್ದಕ್ಕೆ ನಾನು ಎಷ್ಟೋ ಸಲ ಇದೇ ಕಾರಣ ಹೇಳಿದ್ದೇನೆ, ಟೀಚರಾಗಿದ್ದ ಅಕ್ಕೋರು ನಂಬುತ್ತಿದ್ದರು, ಯಾಕೆಂದರೆ ಅವರೂ ಅದೇ ಕಾರಣಕ್ಕೆ ತಡವಾಗಿ ಬಂದಿರುತ್ತಿದ್ದರು.

ಎರಡೂ ಮನೆಯ ಹಿತ್ತಲಿಗೆ ನಡುವೆ ಎದೆಯೆತ್ತರದ ಒಂದು ಕಲ್ಲಿನ ಗೋಡೆ. ಗೋಡೆಯ ಆಚೆ, ಬಚ್ಚಲ ನೀರು ಹರಿದು ಬರುವ ಜಾಗದಲ್ಲಿ ಈ ಹೂಗಿಡ. ಅಮ್ಮಿ ಮುಂಜಾನೆ ಅಬ್ಬಾನ ನೂಲು ಕತ್ತರಿ ತಂದು ನಾಲ್ಕೈದು ಕಡ್ಡಿಗಳನ್ನು ಬುಡದ ಹತ್ತಿರ ಕತ್ತರಿಸುತ್ತಿದ್ದರು. ಕೆಳಗಿನ ಎಲೆ ತೆಗೆದು, ಶರಬತ್ತಿನ ಒಂದು ಹಸಿರು ಸೀಸೆಯಲ್ಲಿ ನೀರು ತುಂಬಿ ಅದರಲ್ಲಿ ಇಡುತ್ತಿದ್ದರು. ಆ ಸೀಸೆಗೆ ಅವರ ಮನೆಯಲ್ಲಿ ಗುಲ್ದಾನ ಎಂದು ಹೆಸರು. ಬೀದಿ ಕಡೆಯ ಕಿಟಕಿಯೊಳಗೆ ಅದರ ಜಾಗ. ದಿನಾ ನೀರು ಬದಲಿಸಿ ಕಡ್ಡಿಯ ತುದಿಯನ್ನು ಚೂರೇ ಚೂರು ಕತ್ತರಿಸಿದರೆ ಎಂಟು ದಿನ ಬಾಡುತ್ತಿರಲಿಲ್ಲ. ನೀರು ಬದಲಿಸುವ ಹಕ್ಕಿಗಾಗಿ ಅಮ್ಮಿಯ ಮಗಳು ಶಾಹಿದಾ ಮತ್ತು ನಾನು ಜುಟ್ಟು ಹಿಡಿದು ಜಗಳಾಡಿದ್ದೇವೆ. ಶಾಹಿದಾ ನನ್ನದೇ ವಾರಿಗೆಯವಳು, ಒಂದೇ ಬೆಂಚಿನವಳು.

ನಮ್ಮ ಮನೆಯಲ್ಲಿ ಹೂವಿಗೆ ಎರಡೇ ಜಾಗ, ದೇವರ ಜಗಲಿ ಮತ್ತು ಹೆಂಗಸರ ಹೆರಳು. ನೋಡುವುದಕ್ಕೆಂದು ಹೂ ಇಡುವುದು ಆಯಿಗೆ ಅರ್ಥವೇ ಆಗುತ್ತಿರಲಿಲ್ಲ. ನಾನೊಮ್ಮೆ ಸೇವಂತಿಗೆಯನ್ನು ಲೋಟದ ನೀರಿನಲ್ಲಿಟ್ಟಾಗ, “ಹೂ ಏನ ಕೊತ್ತಂಬ್ರಿ ಏನಲೇ, ನೀರಾಗ ಇಡಾಕ?” ಅಂದು ಎತ್ತಿಕೊಂಡು ಹೋಗಿ ದೇವರ ತಲೆ ಮೇಲೆ ಇಟ್ಟಿದ್ದಳು. ಹಾಗಾಗಿ ನೋಡುವ ಹೂ ಬೇಕಾದಾಗ ನಾನು ಪಕ್ಕದ ಮನೆಯ ಕಿಟಕಿಗೆ ಹೋಗುತ್ತಿದ್ದೆ. ಆ ನೇರಳೆ ಬಣ್ಣವನ್ನು ಬೆಳಕಿಗೆ ಎದುರಾಗಿ ನೋಡುತ್ತ ನಿಂತರೆ ನನಗೆ ಹಸಿವೆಯೂ ಆಗುತ್ತಿರಲಿಲ್ಲ. ಈಗ ಈ ವಯಸ್ಸಿನಲ್ಲಿ ಹೂದಾನಿಯ ಹುಚ್ಚು ಹಿಡಿದಿದ್ದರೆ ಅದರ ಮೂಲ ಅಲ್ಲೇ ಇದೆ.

ಆ ಶನಿವಾರ ಹಣಮಪ್ಪನ ಪೂಜೆಗೆ ಹೂ ತರುವ ಕೆಲಸ ನನಗೆ ಹೇಳಿದ್ದರು. ನಾಲ್ಕು ಮನೆಯಾಚೆ ಇದ್ದ ಕಣಗಿಲೆ ಗಿಡಕ್ಕೆ ಹೋಗಬೇಕು. ನಾನು ದಾರಿಯಲ್ಲಿ ಹುಣಸೆಬೀಜದ ಆಟಕ್ಕೆ ಕೂತು, ಹೊತ್ತು ಏರಿದ ಮೇಲೆ ಹೋದರೆ ಗಿಡ ಬೋಳು. ಬರಿಗೈಯಲ್ಲಿ ಹೋದರೆ ಆಯಿಯ ಕೈಯ ಏಟು ಖಾತ್ರಿ. ಹಿತ್ತಲಿನ ಗೋಡೆ ಹತ್ತಿ, ಅಮ್ಮಿಯ ಗಿಡದಿಂದ ಇಪ್ಪತ್ತು ಹೂಗಳ ತಲೆ ಚಿವುಟಿ ಲಂಗದಲ್ಲಿ ತುಂಬಿಕೊಂಡು ಬಂದೆ. ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಅಮ್ಮಿ ಇಲ್ಲ ಎನ್ನುತ್ತಿರಲಿಲ್ಲ, ಆದರೆ ಕೇಳುವಷ್ಟು ಪುರುಸೊತ್ತು ಕಳ್ಳರಿಗೆ ಎಲ್ಲಿ ಇರುತ್ತದೆ.

ಆಯಿ ಬುಟ್ಟಿ ನೋಡಿದಳು. “ಇದ ಎಂಥಾ ಹೂವಲೇ? ಹೆಸರೇನು?”

“ಹೆಸರು ಗೊತ್ತಿಲ್ಲ ಆಯಿ.”

“ಹೆಸರು ಗೊತ್ತಿಲ್ಲದ ಹೂ ದೇವರಿಗೆ ನಡಿಯಂಗಿಲ್ಲ. ಎಲ್ಲಿಂದ ಹರಕೊಂಡ ಬಂದಿ ಖರೇ ಹೇಳು.” ಕೈ ಆಗಲೇ ಮೇಲೆ ಹೋಗಿತ್ತು.

“ಹಣಮಪ್ಪನ ಹೂ ಆಯಿ!” ಅಂದೆ. ಎಲ್ಲಿಂದ ಬಂತೋ ಆ ಮಾತು. “ಕದರಮಂಡಲಗಿ ಗುಡಿ ಹಿಂದ ಬೆಳಿತೈತಂತ. ನಮ್ಮ ಅಕ್ಕೋರು ಹೇಳ್ಯಾರ. ಅಮ್ಮಿ ಹಿತ್ತಲದಾಗ ಐತಿ, ಅವರ ಕೊಟ್ರು.”

ಒಂದೇ ಉಸಿರಿನಲ್ಲಿ ನಾಲ್ಕು ಸುಳ್ಳು. ಆಯಿಯ ಕೈ ಕೆಳಗೆ ಬರುವ ಬದಲು ಇನ್ನೊಂದು ಕೈ ಸೇರಿಸಿಕೊಂಡು ನಮಸ್ಕಾರವಾಯಿತು. ಕದರಮಂಡಲಗಿ ಹಣಮಪ್ಪ ನಮ್ಮ ಮನೆದೇವರು. ಆಯಿ ಸೀದಾ ಹಿತ್ತಲಿಗೆ ನಡೆದು ಗೋಡೆಯ ಮೇಲಿಂದ ಕೂಗಿದಳು. “ಜೈನಾಬಿ, ನಿನ್ನ ಹಿತ್ತಲದಾಗ ನಮ್ಮ ಹಣಮಪ್ಪನ ಹೂ ಇದ್ದದ್ದು ನನಗ ಗೊತ್ತ ಇರಲಿಲ್ಲಲ್ಲವಾ! ಕದರಮಂಡಲಗಿ ಹೂವಂತ ಇದು. ಹುಡುಗಿ ಕೈಯಾಗ ಕೊಟ್ಟ ಕಳಿಸೀದಿ, ಪುಣ್ಯಾ ಬರ್ಲಿ ನಿನಗ.”

ಅಮ್ಮಿ ಚಿವುಟಿದ ಗಿಡ ನೋಡಿದರು. ಆಯಿಯ ಹಿಂದೆ ಲಂಗ ಹಿಡಿದು ನಿಂತಿದ್ದ ನನ್ನನ್ನು ನೋಡಿದರು.

“ಹೌದ್ರಿ ಆಯಿ, ನಾನ ಕೊಟ್ಟೇನಿ” ಅಂದರು.

ನಾನು ಬದುಕಿಕೊಂಡೆ. ಅಂದಿನಿಂದ ಪ್ರತಿ ಶನಿವಾರ ಒಂದು ತಾಟಿನ ತುಂಬ ಬಿಡಿ ಹೂ ಬರತೊಡಗಿತು, ತರುವವಳು ಶಾಹಿದಾ. ಆಯಿಗೆ ಆ ಹೂವಿನ ಮೇಲೆ ಭಕ್ತಿ ಉಕ್ಕಿ, ಅಮ್ಮಿಯಿಂದ ಬೇರು ಕೇಳಿ ಪಡೆದು ಬಂದ ನೆಂಟರಿಗೆಲ್ಲ ಹಂಚಿದಳು. ರಾಣೇಬೆನ್ನೂರಿನ ಅತ್ತೆಗೆ, ಕಾಗಿನೆಲೆಯ ಬೀಗರಿಗೆ, ಬಳೆ ತೊಡಿಸಲು ಬರುತ್ತಿದ್ದವಳಿಗೆ. ಬೇರಿನ ಜೊತೆ ಕತೆಯೂ ಹೋಯಿತು. ಇತ್ತ ಕಿಟಕಿಯಲ್ಲಿದ್ದ ಸೀಸೆ ಒಂದು ದಿನ ಕಾಣದಾಯಿತು. ಒಡೆದಿರಬೇಕು ಎಂದುಕೊಂಡೆ. ಶಾಹಿದಾಳನ್ನು ಕೇಳಿದರೆ, “ನಮ್ಮ ಅಮ್ಮೀನ್ನ ಕೇಳು” ಎಂದು ಮುಖ ತಿರುಗಿಸಿದಳು, ನಾಲ್ಕು ದಿನ ಮಾತು ಬಿಟ್ಟಳು. ಅಮ್ಮಿಯನ್ನು ಕೇಳಲು ಹೋದರೆ ಕಳ್ಳತನದ ಮಾತು ಎದ್ದೀತೆಂದು ನಾನು ಕೇಳಲಿಲ್ಲ. ಮುಂದೆ ಆ ಕಿಟಕಿಗೆ ಪ್ಲಾಸ್ಟಿಕ್ ಗುಲಾಬಿ ಬಂತು. ನಾನು ಎಂಟನೇ ಇಯತ್ತೆಗೆ ಬರುವಾಗ ಅಪ್ಪನಿಗೆ ಹಾವೇರಿಯಲ್ಲಿ ಕೆಲಸ ಸಿಕ್ಕಿತು, ಬ್ಯಾಡಗಿಯ ಮನೆ ಮಾರಿ ಬಂದೆವು. ಆಯಿ ಕೊನೆಯ ಉಸಿರಿನ ತನಕ ಅದನ್ನು ಹಣಮಪ್ಪನ ಹೂ ಎಂದೇ ಕರೆದಳು. ನಾನು ಮಾತ್ರ ಎಲ್ಲ ಮರೆತಿದ್ದೆ. ಪೂರ್ತಿ ಮರೆತಿದ್ದೆ ಎಂದರೆ ಅದು ಐದನೆಯ ಸುಳ್ಳಾದೀತು.

ರಾಣೇಬೆನ್ನೂರಿನಿಂದ ಬಂದವಳೇ ಗಿರಿಜವ್ವನ ಮೇಲೆ ಹರಿಹಾಯ್ದೆ. “ಇದಕ್ಕ ಹಣಮಪ್ಪನ ಹೂ ಅಂತಾರಂತಲ್ಲ, ಮೂರು ವರ್ಷದಿಂದ ಕೇಳಾಕತ್ತೇನಿ, ಯಾಕ ಹೇಳಲಿಲ್ಲ?”

ಗಿರಿಜವ್ವ ಪಾತ್ರೆಯಿಂದ ಕೈ ತೆಗೆಯದೆಯೇ ಅಂದಳು, “ಹೇಳಿದ್ರ ನೀವು ಇದನ್ನ ಹೂದಾನ್ಯಾಗ ಇಡತಿದ್ರೇನ್ರಿ ಅಕ್ಕಾರ? ದೇವರ ಹೂ ಅಂತ ಹೇಳಿ ಬರೇ ಜಗಲಿಗೆ ಏರಿಸತಿದ್ರಿ. ಟೇಬಲ್ ಮ್ಯಾಲ ಇಟ್ಟ ಸಣ್ಣ ಹುಡುಗರಂಗ ನೋಡ್ಕೋತ ಕುಂದರತಿದ್ರಿ ನೀವು. ಅದನ್ನ ಯಾಕ ತಪ್ಪಸಲಿ ಅಂತ ಸುಮ್ನಿದ್ನಿ.”

ಅವಳು ಪಾತ್ರೆ ತೊಳೆದು ಹೋದಳು. ದೇವರ ಹೂ ಎಂದು ಗೊತ್ತಾದರೆ ಯಾರೂ ಅದನ್ನು ಕಿಟಕಿಯಲ್ಲಿ ಇಡುವುದಿಲ್ಲ. ನಾನು ಇಡುವುದಿಲ್ಲ, ಗಿರಿಜವ್ವ ಇಡುವುದಿಲ್ಲ. ಹಾಗಾದರೆ ಅಮ್ಮಿ? ಆ ಸೀಸೆ ಒಡೆದಿರಲಿಲ್ಲ. ಇಷ್ಟು ಸರಳವಾದದ್ದು ಐವತ್ತು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ, ಹೊಳೆಯದ ಹಾಗೆ ನಾನೇ ನೋಡಿಕೊಂಡಿದ್ದೆನೋ ಏನೋ. ನನ್ನ ಸುಳ್ಳು ದೇವರಿಗೆ ಏನೂ ಮಾಡಿರಲಿಲ್ಲ, ಆಯಿಗೂ ಏನೂ ಮಾಡಿರಲಿಲ್ಲ. ಅದು ಹೋಗಿ ತಾಗಿದ್ದು, ನನ್ನನ್ನು ಏಟಿನಿಂದ ಉಳಿಸಿದವರಿಗೆ. ಅಮ್ಮಿಗೆ ಈಗ ಎಂಬತ್ತೈದು ದಾಟಿದೆ. ಸ್ಪರ್ಧೆಯ ಚೀಟಿ ಹಾಳಾಗಿ ಹೋಗಲಿ, ಅವರು ಇರುವಾಗಲೇ ಹೋಗಿ ಹೇಳಿಬಿಡಬೇಕು ಅನ್ನಿಸಿತು. ಹೇಳದಿದ್ದರೂ ನಡೆಯುತ್ತದೆ ಎಂದೂ ಅನ್ನಿಸಿತು. ಮುದುಕಿಗೆ ಯಾಕೆ ಸುಮ್ಮನೆ ನೋವು, ಸೊಂಟ ಬೇರೆ ಹಿಡಿದಿದೆ, ಬ್ಯಾಡಗಿ ರಸ್ತೆ ಸರಿಯಿಲ್ಲ, ಹೀಗೆ ಎಂಟು ದಿನ ಕಳೆದೆ. ಒಂಬತ್ತನೇ ದಿನ, ಶನಿವಾರ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬಸ್ಸು ಹತ್ತಿದೆ.

ಬಾಗಿಲು ತೆಗೆದವಳು ಶಾಹಿದಾ. ಗಂಡ, ಮಗ, ಸೊಸೆ ಎಲ್ಲರೊಂದಿಗೆ ಅಮ್ಮಿಯ ಮನೆಯಲ್ಲೇ ಇದ್ದಾಳೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ. ಮದುವೆ ಮುಂಜಿಗಳಲ್ಲಿ ಆಗಾಗ ಸಿಗುತ್ತೇವೆ, ಆದರೆ ಈ ಹೊಸ್ತಿಲು ತುಳಿದು ನನಗೆ ಬಹಳ ವರ್ಷವಾಗಿತ್ತು.

“ಅಯ್ಯ, ಅಮ್ಮಿ, ಯಾರ ಬಂದಾರ ನೋಡು! ಹಾವೇರಿ ಬಾಯಾರು ಬಂದಾರ, ತಲಿ ಎಲ್ಲಾ ಬೆಳ್ಳಗ ಮಾಡ್ಕೊಂಡ!”

“ನಿನ್ನ ತಲಿ ಕೆಂಪ ಐತೆಲ್ಲ, ಅದು ಮೆಹಂದಿ ಪುಣ್ಯ ಅಂತ ನನಗ ಗೊತ್ತಿಲ್ಲೇನ?” ಅಂದೆ. ನಕ್ಕಳು. “ಒಳಗ ಬಾ, ಕುಂದರು. ಇವತ್ತ ಶನಿವಾರ, ಹೂ ಹರದು ಓಣಿ ಹಣಮಪ್ಪನ ಗುಡಿಗೆ ಕೊಟ್ಟ ಬರ್ತೇನಿ, ಪೂಜಾರಿ ಕಾಯತಿರ್ತಾನ. ನೀವು ಮನಿ ಮಾರಿ ಹೋದ ಮ್ಯಾಲ ತಾಟು ಅಲ್ಲಿಗೆ ಹೊಕ್ಕೈತಿ.”

ನನ್ನ ನಗು ಅಲ್ಲೇ ಇಂಗಿತು. ಇನ್ನೂ ಹೋಗುತ್ತಿತ್ತು ಆ ತಾಟು.

ಅಮ್ಮಿ ಹಿತ್ತಲ ಬಾಗಿಲಲ್ಲಿ ಎಳೆಬಿಸಿಲಿಗೆ ಕೂತಿದ್ದರು. ಕಣ್ಣು ಮಂದವಾಗಿದೆ, ಕಿವಿ ಚುರುಕಾಗಿದೆ. ನನ್ನ ಮುಖವನ್ನು ಎರಡೂ ಕೈಯಲ್ಲಿ ಸವರಿ ನೋಡಿ, “ಸರೂ, ಭಾಳ ಸೊರಗೀದಿ ಬೇಟಿ” ಅಂದರು. ನಾನು ಸೊರಗಿದ್ದೇನೆ ಎಂದು ಹೇಳುವವರು ಈ ಭೂಮಿಯ ಮೇಲೆ ಅವರೊಬ್ಬರೇ ಉಳಿದಿರಬೇಕು. ಗಿಡ ಅದೇ ಜಾಗದಲ್ಲಿತ್ತು. ಈ ಸಲ ಮಳೆ ತಡವಾದ್ದರಿಂದ ಆರೇಳು ಕಡ್ಡಿಯಷ್ಟೇ ಹೂ ಬಿಟ್ಟಿದ್ದವು. ನಾನು ಸುತ್ತಿ ಬಳಸಿ ಮಾತು ತೆಗೆದೆ.

“ಅಮ್ಮಿ, ಈ ಹೂವಿಗೆ ನಿಮ್ಮ ತವರಾಗ ಏನಂತಿದ್ರು?”

“ಏನೂ ಅಂತಿರಲಿಲ್ಲವ್ವಾ. ನನ್ನ ಮದಿವ್ಯಾದಾಗ ನಮ್ಮ ಅಮ್ಮಿ ಒಂದ ಬೇರ ಹಸಿ ಅರಿವ್ಯಾಗ ಕಟ್ಟಿ ಕೊಟ್ಟಿದ್ಲು. ಕಿಡಕ್ಯಾಗ ಇಡು, ಹೊಸಾ ಮನಿ ನಿಂದ ಅನ್ನಿಸ್ತೈತಿ ಅಂದಿದ್ಲು. ಹೆಸರ ಆಕಿ ಹೇಳಲಿಲ್ಲ, ನಾ ಕೇಳಲಿಲ್ಲ. ಮರುವರ್ಷ ಆಕಿ ಹೋಗೇ ಬಿಟ್ಲು. ಹೆಸರು ನಿನ್ನಿಂದ ಗೊತ್ತಾತು ನನಗ.”

“ಮತ್ತ ಕಿಡಕ್ಯಾಗ ಇಡೂದ ಯಾಕ ಬಿಟ್ರಿ?”

“ಹ್ಯಾಂಗ ಇಡಲಿ? ದೇವರದು ಅಂತ ಗೊತ್ತಾದ ಮ್ಯಾಲ ಅದು ನಮ್ಮ ಕಿಡಕ್ಯಾಗ ಒಣಗೂದು, ನಾ ಅದನ್ನ ಗಟಾರಕ್ಕ ಚೆಲ್ಲೂದು... ನಿಮ್ಮ ಆಯಿ ಆ ಹಾದಿಗೇನ ದಿನಾ ಹೋಗಾಕಿ, ಆಕಿ ಕಣ್ಣಿಗೆ ಬಿದ್ದಿದ್ರ ಮನಸ್ಸಿಗೆ ಎಷ್ಟ ಹತ್ತತಿತ್ತು? ಬಾಜೂ ಮನ್ಯಾಗ ಇರಾವ್ರು ನಾವು. ಒಂದ ಹೂ ಬಿಟ್ಟರ ಏನಾಕ್ಕೈತಿ ಅಂತ ಬಿಟ್ನಿ.”

ನಾನು ಅವರ ಕಾಲ ಹತ್ತಿರ ನೆಲದ ಮೇಲೆ ಕೂತೆ. ಎಲ್ಲ ಹೇಳಿದೆ. ಹುಣಸೆಬೀಜದ ಆಟ, ಬೋಳು ಕಣಗಿಲೆ, ಗೋಡೆ ಹತ್ತಿದ್ದು, ಅಕ್ಕೋರು ಹಾಗೆ ಹೇಳಿರಲೇ ಇಲ್ಲ ಎಂದು. ಮಕ್ಕಳ ಮುಂದೆ ಮೂವತ್ತು ವರ್ಷ ಗಂಟಲು ಏರಿಸಿ ಮಾತಾಡಿದವಳು, ಆ ನಾಲ್ಕು ಮಾತು ಹೇಳುವಷ್ಟರಲ್ಲಿ ಮೂರು ಸಲ ನಿಂತೆ.

ಮೊದಲು ಸಿಡಿದವಳು ಶಾಹಿದಾ. ಕೈಯಲ್ಲಿದ್ದ ತಾಟನ್ನು ಕಟ್ಟೆಯ ಮೇಲೆ ಕುಕ್ಕಿದಳು. “ಸುಳ್ಳಾ? ಬರೇ ಸುಳ್ಳೇನ ಅದು? ಖಾಲಿ ಕಿಡಕಿ ಮುಂದ ಕುಂತ ಅಮ್ಮಿ ಎಷ್ಟ ದಿನಾ ಕಣ್ಣೀರ ಹಾಕ್ಯಾಳ, ಗೊತ್ತೈತೇನ ನಿನಗ? ನಾ ನೋಡೇನಿ. ಆಕಿ ತಾಯಿ ಕೊಟ್ಟಿದ್ದ ಅಂತ ಇದ್ದದ್ದ ಅದೊಂದು. ಮತ್ತ ಆ ತಾಟ ನನ್ನ ಕೈಲೇ ನಿಮ್ಮ ಮನಿಗೆ ಹೊರಸ್ಯಾಳ, ನೀ ಬಾಗಲದಾಗ ನಿಂತ ಇಸಗೊಂತಿದ್ದಿ!”

ಹೌದು, ಇಸಿದುಕೊಳ್ಳುತ್ತಿದ್ದೆ. ಎರಡೂ ಕೈ ಚಾಚಿ. ಅದನ್ನು ನೆನೆದರೆ ಈಗಲೂ ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯುವುದಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದೆ.

“ಸುಮ್ನಿರು ಶಾಹಿದಾ” ಅಂದರು ಅಮ್ಮಿ. ಮುಂದಿನ ಕೋಣೆಯಲ್ಲಿ ಸೊಸೆ ಹೊಲಿಗೆ ಯಂತ್ರ ನಿಲ್ಲಿಸಿದ್ದಳು. ಆಮೇಲೆ ಅಮ್ಮಿ ಒಂದೊಂದೇ ಕೇಳಿದರು, ತರಗತಿಯಲ್ಲಿ ನಾನು ಕೇಳುತ್ತಿದ್ದೆನಲ್ಲ, ಹಾಗೆ.

“ಹಂಗಾರ ಹಣಮಪ್ಪಂದಲ್ಲ ಇದು?”

“ಅಲ್ಲರಿ.”

“ಕದರಮಂಡಲಗಿ ಗುಡಿ ಹಿಂದ ಇಲ್ಲ?”

“ನಾ ಆವಾಗ ಆ ಗುಡಿ ಹಿಂದ ಹೋಗೇ ಇರಲಿಲ್ಲರಿ ಅಮ್ಮಿ.”

“ಮತ್ತ ಯಾರದಿದು?”

“ನಿಮ್ಮದರಿ. ನಿಮ್ಮ ಅಮ್ಮಿ ಕೊಟ್ಟಿದ್ದು, ನಿಮ್ಮದ.”

ಅಮ್ಮಿಯ ಗದ್ದ ನಡುಗಿತು. ಅಳುತ್ತಾರೆ ಎಂದುಕೊಂಡೆ. ಇಲ್ಲ, ಬೊಚ್ಚು ಬಾಯಿ ತೆರೆದು ನಗತೊಡಗಿದರು, ಕಣ್ಣಲ್ಲಿ ನೀರೂ ಇತ್ತು. “ಯಾ ಅಲ್ಲಾ! ನಾನ ಕೊಟ್ಟೇನಿ ಅಂತ ನಾನೂ ಒಂದ ಸುಳ್ಳ ಹೇಳಿದ್ನೆಲ್ಲ ಅವತ್ತ. ನಿನಗ ಹೊಡತಾ ಬೀಳಬಾರದು ಅಂತ ಹೇಳಿ, ಆ ಹೊಡತಾ ನನಗ ನಾನ ಹಾಕ್ಕೊಂಡ್ನಿ ನೋಡು.” ಶಾಹಿದಾ ಇನ್ನೂ ನನ್ನ ಕಡೆ ನೋಡಿರಲಿಲ್ಲ.

ನಗು ನಿಂತ ಮೇಲೆ ಅಮ್ಮಿ ಗೋಡೆ ಹಿಡಿದು ಎದ್ದರು. “ಕತ್ತರಿ ತಾ.”

“ಅಮ್ಮಿ, ಗುಡಿಗೆ ಹೂ?” ಶಾಹಿದಾ ಕೇಳಿದಳು.

“ಐವತ್ತ ವರ್ಷ ಕೊಟ್ಟೇನಿ. ಮುಂದಿನ ಶನಿವಾರನೂ ಕೊಡ್ತೇನಿ. ಇದೊಂದ ವಾರ ತಡಕೊಂತಾನ, ಹಣಮಪ್ಪ ಅಷ್ಟ ಸಣ್ಣಾಂವ ಅಲ್ಲ.”

ಶಾಹಿದಾ ಒಂದು ಕಡೆ, ನಾನು ಒಂದು ಕಡೆ ಹಿಡಿದು ಗಿಡದ ತನಕ ನಡೆಸಿದೆವು. ಅಮ್ಮಿ ಬಗ್ಗಿ ಕೈಯಿಂದ ತಡವಿ ತಡವಿ ಕಡ್ಡಿಯ ಬುಡ ಹುಡುಕಿದರು. ಕತ್ತರಿಸಲು ನಾನು ಕೈ ಚಾಚಿದರೆ ಕೊಡಲಿಲ್ಲ. ಒಂದೊಂದನ್ನೂ ಪೂರಾ ಉದ್ದಕ್ಕೆ ಕತ್ತರಿಸಿ ಎಡಗೈಯಲ್ಲಿ ಸೇರಿಸಿಕೊಂಡರು. ಗಿಡದಲ್ಲಿ ಬರೀ ಮೊಗ್ಗು ಉಳಿದವು.

“ಅಮ್ಮಿ, ನನಗೊಂದ ಕಡ್ಡಿ ಕೊಡ್ತೀರೇನ್ರಿ? ಈ ಸಲ ಕೇಳಾಕತ್ತೇನಿ” ಅಂದೆ.

ಅಮ್ಮಿ ಹೂವನ್ನೆಲ್ಲ ಎದೆಗೆ ಒತ್ತಿಕೊಂಡರು.

“ಇಲ್ಲ” ಅಂದರು. “ಇವತ್ತಿನ್ವು ಎಲ್ಲಾ ನನಗ ಬೇಕು.”